ಇಯರ್‌ಫೋನ್ ಕೊಳ್ಳುವ ಮುನ್ನ ಕಿವಿಯ ಅಳತೆ ನೋಡಿಕೊಳ್ಳಿ

ಕಿವಿಯೊಳಗೆ ಕೂರುವ ಇಯರ್‌ಫೋನ್ ಕೊಳ್ಳುವಾಗ ಬಹುತೇಕರು ಡಬ್ಬಿಯ ಮೇಲಿನ ಅಂಕಿಗಳನ್ನು ಓದುತ್ತಾರೆ. ನಾನು ಮೊದಲು ನೋಡುವುದು ಅದರ ಜೊತೆ ಬರುವ ರಬ್ಬರ್ ಟಿಪ್‌ಗಳನ್ನು. 13 ಮಿಲಿಮೀಟರ್ ಡ್ರೈವರ್ (ಒಳಗೆ ನಾದ ಹೊರಡಿಸುವ ಪುಟ್ಟ ಸ್ಪೀಕರ್) 10 ಮಿಲಿಮೀಟರಿನದಕ್ಕಿಂತ ಚೆನ್ನಾಗಿ ನುಡಿಯಬೇಕೆಂಬ ನಿಯಮವೇನಿಲ್ಲ. ಮನುಷ್ಯನ ಕಿವಿಗೆ ಕೇಳಿಸುವುದೇ ಸುಮಾರು 20ರಿಂದ 20,000 ಹರ್ಟ್ಸ್‌ವರೆಗೆ, ಅದೂ ವಯಸ್ಸಾದಂತೆ ಮೇಲಿನ ತುದಿ ಕುಗ್ಗುತ್ತ ಬರುತ್ತದೆ. ಹೀಗಿರುವಾಗ ಡಬ್ಬಿಯ ಮೇಲೆ 40,000 ಹರ್ಟ್ಸ್ ಎಂದು ಅಚ್ಚು ಹಾಕಿಸುವುದು ಕೊಳ್ಳುವವರ ಕಣ್ಣಿಗೆ ಮಾಡಿದ ಅಲಂಕಾರ.

ಟಿಪ್ ಕಿವಿಯ ನಾಳವನ್ನು ಸಂದಿಲ್ಲದಂತೆ ಮುಚ್ಚದಿದ್ದರೆ ಮೊದಲು ಸೋರಿಹೋಗುವುದು ಬೇಸ್, ಅಂದರೆ ತಗ್ಗು ಸ್ಥಾಯಿಯ ನಾದ. ಬೇಸ್ ಸಾಲದೆಂದು ದೂರುವ ಅನೇಕರಿಗೆ ಒಂದು ಅಳತೆ ದೊಡ್ಡ ಟಿಪ್ ಹಾಕಿಕೊಂಡರೆ ಸಾಕಾಗುತ್ತದೆ. ಎರಡೂ ಕಿವಿಗಳ ಅಳತೆ ಒಂದೇ ಇರಬೇಕೆಂದೂ ಇಲ್ಲ. ನನಗೆ ಎಡಕ್ಕೆ ಮೀಡಿಯಂ, ಬಲಕ್ಕೆ ಲಾರ್ಜ್. ಕಿವಿಯ ಮೇಲ್ತುದಿಯನ್ನು ಇನ್ನೊಂದು ಕೈಯಿಂದ ಹಿಂದಕ್ಕೂ ಮೇಲಕ್ಕೂ ಎಳೆದು ಹಿಡಿದು, ಟಿಪ್ಪನ್ನು ತುಸು ತಿರುಗಿಸುತ್ತ ಕೂರಿಸಿ, ಬಾಯಿ ಮುಚ್ಚಿಕೊಂಡು ಷಡ್ಜ ಗುನುಗಿ ನೋಡಿ. ನಿಮ್ಮ ದನಿ ಎರಡೂ ಕಡೆ ತಲೆಯೊಳಗೇ ಸಮನಾಗಿ ಮೊಳಗಿದರೆ ಸರಿಯಾಗಿ ಕೂತಿದೆ. ಒಂದೇ ಕಡೆ ಮೊಳಗಿದರೆ ಇನ್ನೊಂದರಲ್ಲಿ ಸಂದಿದೆ. ಹೀಗೆ ಬಿಗಿಯಾಗಿ ಕೂತದ್ದು ಬಸ್ಸಿನ ಗದ್ದಲವನ್ನೂ ಅಷ್ಟಿಷ್ಟು ತಡೆಯುವುದರಿಂದ ವಾಲ್ಯೂಮ್ ಏರಿಸುವ ಪ್ರಮೇಯ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ 80 ಡೆಸಿಬೆಲ್, ವಾರಕ್ಕೆ 40 ಗಂಟೆ.

ಇನ್ನು ನಾದದ ವಿಚಾರ. ಅಗ್ಗದ ಮಾದರಿಗಳಲ್ಲಿ ಬಹಳಷ್ಟು ಬೇಸನ್ನು ಉಬ್ಬಿಸಿಯೇ ಬರುತ್ತವೆ. ಸಿನಿಮಾ ಹಾಡಿಗೆ ಅದು ಸೊಗಸೆನ್ನಿಸಬಹುದು. ಆದರೆ ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಣ ಹಾಕಿದರೆ ತಬಲಾದ ಡಗ್ಗಾ ಊದಿಕೊಂಡು ತಂಬೂರಿಯನ್ನು ನುಂಗಿಬಿಡುತ್ತದೆ. ಏಳೆಂಟು ಸಾವಿರ ಹರ್ಟ್ಸ್ ಆಸುಪಾಸಿನಲ್ಲಿ ಎತ್ತರಿಸಿದ್ದರೆ ಗಾಯಕರ ಸಕಾರ, ಶಕಾರಗಳು ಸೂಜಿಯಂತೆ ಚುಚ್ಚುತ್ತವೆ. ಆದ್ದರಿಂದ ಹೊಸದನ್ನು ಪರೀಕ್ಷಿಸುವಾಗ ಬರಿಯ ತಂಬೂರಿ ಕೇಳುತ್ತೇನೆ: ಖರ್ಜದ (ಮಂದ್ರ ಷಡ್ಜದ) ತಂತಿ ತುಂಬಿಕೊಂಡು ನುಡಿಯಬೇಕು, ಅದರ ಮೇಲೆ ತಂತಿ ಕುದುರೆಯನ್ನು ಸವರಿ ಹುಟ್ಟುವ ಜವಾರಿಯ ಝೇಂಕಾರ ಬಿಡಿಯಾಗಿ ಏಳಬೇಕು.

ಬ್ಲೂಟೂತಿನ ಅನುಕೂಲ ಅಲ್ಲಗಳೆಯಲಾರೆ, ಆದರೂ ನನ್ನ ಮತ ವೈರ್ ಇರುವುದಕ್ಕೇ. ಬಡ್ಸ್‌ನೊಳಗಿನ ಪುಟ್ಟ ಬ್ಯಾಟರಿ ಸವೆದಾಗ ಸಾಮಾನ್ಯವಾಗಿ ಇಡೀ ಜೋಡಿಯನ್ನೇ ಎಸೆಯಬೇಕಾಗುತ್ತದೆ. ಬಿಚ್ಚಿ ಹಾಕುವ ವೈರಿನ ಮಾದರಿಯಲ್ಲಿ ಜ್ಯಾಕಿನ ಬುಡದಲ್ಲಿ ತುಂಡಾದರೆ ವೈರನ್ನಷ್ಟೇ ಬದಲಿಸಿದರಾಯಿತು. ಫೋನಿನಲ್ಲಿ 3.5 ಮಿಲಿಮೀಟರ್ ಜ್ಯಾಕ್ ಇಲ್ಲದವರಿಗೆ ಟೈಪ್-ಸಿ ಪಿನ್ನಿನವೂ ಸಿಗುತ್ತವೆ.

ಕಿವಿಗೆ ಹಾಕುವ ವಸ್ತುವಾದ್ದರಿಂದ ಡಬ್ಬಿ ಒಡೆದ ಮೇಲೆ ವಾಪಸ್ ತೆಗೆದುಕೊಳ್ಳದ ಅಂಗಡಿಗಳೂ ಉಂಟು. ಷರತ್ತನ್ನು ಕೇಳಿಕೊಂಡೇ ದುಡ್ಡು ಕೊಡಿ.