ಗರ್ಟ್ರೂಡ್ ಸ್ಟೈನ್: ಆ ಮನೆಯ ಕಥೆ ಸಾಕು, ಸಾಲು ಓದಿ

ಅಮೆರಿಕನ್ ಲೇಖಕಿ ಗರ್ಟ್ರೂಡ್ ಸ್ಟೈನ್ ಅಂದ ಕೂಡಲೇ ಎಲ್ಲರೂ ಹೇಳುವುದು ಪ್ಯಾರಿಸ್ಸಿನ ರ್ಯೂ ದ ಫ್ಲೆರೂಸ್ ಬೀದಿ, ಅಲ್ಲಿ ಆಕೆಯ 27ನೇ ನಂಬರಿನ ಮನೆ, ಕಲಾವಿದರು, ಲೇಖಕರು ಸೇರುತ್ತಿದ್ದ ಶನಿವಾರದ ಸಂಜೆಗಳು, ಗೋಡೆ ತುಂಬ ಪಿಕಾಸೊ, ಮತೀಸ್, ಸೆಜಾನ್ ಚಿತ್ರಗಳು. ಆ ಮನೆಯ ಖ್ಯಾತಿಯೇ ಆಕೆಯ ಬರಹವನ್ನು ನುಂಗಿ ಕೂತಿದೆ ಅನ್ನೋದು ನನ್ನ ತಕರಾರು.

1874ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಈಕೆ ರ್ಯಾಡ್‌ಕ್ಲಿಫ್ ಕಾಲೇಜಿನಲ್ಲಿ ವಿಲಿಯಂ ಜೇಮ್ಸ್ ಬಳಿ ಮನಶ್ಶಾಸ್ತ್ರ ಓದಿದಳು. ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ವೈದ್ಯಕೀಯ ಕಲಿತು, ಡಿಗ್ರಿ ಪಡೆಯದೆ ಬಿಟ್ಟು, 1903ರಲ್ಲಿ ಪ್ಯಾರಿಸ್ ಸೇರಿದಳು. ರಾತ್ರಿ ಶಾಲಾ ನೋಟ್‌ಬುಕ್ಕಿನಲ್ಲಿ ಗೀಚುವುದು, ಬೆಳಿಗ್ಗೆ ಅದನ್ನು ಸಂಗಾತಿ ಆಲಿಸ್ ಟೋಕ್ಲಾಸ್ ಟೈಪ್ ಮಾಡುವುದು, ಇದು ದಿನಚರಿ. (ಆಲಿಸ್ ಇಲ್ಲದಿದ್ದರೆ ಅರ್ಧ ಬರಹ ನಮ್ಮ ಕೈಗೆ ಸಿಗುತ್ತಿರಲಿಲ್ಲ.)

ಓದುವವರು ಎಡವುವುದು ಎಲ್ಲಿ? ಮೊದಲಿಗೆ, ‘ದ ಮೇಕಿಂಗ್ ಆಫ್ ಅಮೆರಿಕನ್ಸ್’ ಎತ್ತಿಕೊಳ್ಳುತ್ತಾರೆ. 1911ಕ್ಕೆ ಬರೆದು ಮುಗಿಸಿದ್ದು, 1925ರಲ್ಲಿ ಅಚ್ಚಾಯಿತು, 925 ಪುಟ. ಕುಟುಂಬದ ಕಥೆಯಾಗಿ ಶುರುವಾಗಿ, ಹೋಗ್ತಾ ಹೋಗ್ತಾ ಕಥೆಯೇ ಕರಗಿ, ಮನುಷ್ಯ ಸ್ವಭಾವಗಳ ವಿಂಗಡಣೆ ಮಾತ್ರ ಉಳಿಯುತ್ತದೆ. ಅದನ್ನು ಮೊದಲು ಹಿಡಿದವರು ನೂರು ಪುಟದೊಳಗೆ ಕೈ ಬಿಡುತ್ತಾರೆ, ತಪ್ಪು ಅವರದ್ದಲ್ಲ.

1923ರಲ್ಲಿ ಬರೆದ ಪಿಕಾಸೊನ ಶಬ್ದಚಿತ್ರದಿಂದ ಶುರು ಮಾಡಿ. ಆಕೆಯೇ ಓದಿದ ಧ್ವನಿಮುದ್ರಣ ಉಂಟು, ಮೂರ್ನಾಲ್ಕು ನಿಮಿಷದ್ದು. ಮೊದಲೆರಡು ವಾಕ್ಯ ಕನ್ನಡದಲ್ಲಿ ಹೆಚ್ಚುಕಡಿಮೆ ಹೀಗೆ: ‘ನಾನು ಹೇಳಿದರೆ ಅವನಿಗೆ ಹಿಡಿಸೀತೇ. ಹಿಡಿಸೀತೇ ಅವನಿಗೆ ನಾನು ಹೇಳಿದರೆ.’ ಅವೇ ಪದಗಳು, ಜಾಗ ಮಾತ್ರ ಅದಲುಬದಲು. ಮೂರನೆಯ ವಾಕ್ಯಕ್ಕೆ ನೆಪೋಲಿಯನ್ ನುಗ್ಗುತ್ತಾನೆ. ಹೊಸದಾಗಿ ಬಂದಿದ್ದು ಒಂದೇ ಹೆಸರು, ಆದರೆ ಪುಟ್ಟ ದೇಹದ, ದೊಡ್ಡ ಹಮ್ಮಿನ ಚಿತ್ರಕಾರ ಎದುರಿಗೆ ನಿಂತುಬಿಡುತ್ತಾನೆ. ಪ್ರಶ್ನಾರ್ಥಕ ಚಿಹ್ನೆ ಇಲ್ಲ, ಗಮನಿಸಿ. ವಾಕ್ಯವೇ ಪ್ರಶ್ನೆ ಕೇಳುತ್ತಿರುವಾಗ ಚಿಹ್ನೆ ಯಾಕೆ ಅನ್ನುವುದು ಆಕೆಯ ವಾದ. ಅಲ್ಪವಿರಾಮವನ್ನಂತೂ ಓದುಗನ ಕೋಟನ್ನು ಬೇರೆಯವರು ಹಿಡಿದು ತೊಡಿಸುವ ಚಾಕರಿ ಅಂತ ಹಂಗಿಸಿದ್ದಳು. ಇದನ್ನು ಗಟ್ಟಿಯಾಗಿ ಓದಬೇಕು. ಕಣ್ಣಲ್ಲೇ ಓದಿದರೆ ‘ಇದು ಬಂದಾಯ್ತಲ್ಲ’ ಅಂತ ಮನಸ್ಸು ಸಾಲು ಹಾರಿಸುತ್ತದೆ. ಹಾರಿಸಿದ ಕಡೆಯೇ ಒತ್ತು ಬದಲಾಗಿರುತ್ತದೆ.

ಆಮೇಲೆ ‘ಟೆಂಡರ್ ಬಟನ್ಸ್’ (1914), ಗದ್ಯ ತುಣುಕುಗಳ ಪುಸ್ತಕ. ವಸ್ತುಗಳು, ಆಹಾರ, ಕೋಣೆಗಳು ಅಂತ ಮೂರು ಭಾಗ. ಇಲ್ಲಿ ಜನ ಒಗಟು ಬಿಡಿಸಲು ಕೂರುತ್ತಾರೆ. ಗಾಜಿನ ಹೂಜಿಯ ಮೇಲಿನ ಮೊದಲ ತುಣುಕು ಬರೀ ಮೂರು ವಾಕ್ಯ, ಕೊನೆಯದು ‘ವ್ಯತ್ಯಾಸ ಹರಡುತ್ತಿದೆ’ ಎಂದು ನಿಲ್ಲುತ್ತದೆ. ಹೂಜಿಯ ಆಕಾರ, ಬಳಕೆ ಯಾವುದೂ ಅಲ್ಲಿಲ್ಲ. ಉತ್ತರ ಹುಡುಕುವವರಿಗೆ ಸಿಟ್ಟು ಬರುವುದು ಸಹಜ.

ಪ್ರಕಾಶಕರು ಸಿಗದೆ, 1930ರಲ್ಲಿ ಪಿಕಾಸೊನ ಒಂದು ಚಿತ್ರ ಮಾರಿ ತಾನೇ ಪ್ರಕಾಶನ ತೆರೆದಳು, ಐದು ಪುಸ್ತಕ ಬಂತು. ಹೆಸರು ತಂದಿದ್ದು ಮಾತ್ರ 1933ರ, ಟೋಕ್ಲಾಸ್ ಹೆಸರಲ್ಲಿ ತಾನೇ ಬರೆದ ಆತ್ಮಕಥೆ. ಓದಲು ಸಲೀಸು, ಹರಟೆ ಭರ್ಜರಿ. 1935ರಲ್ಲಿ ಚಿತ್ರಕಾರರಾದ ಮತೀಸ್, ಬ್ರಾಕ್ ಸೇರಿ ಕೆಲವರು ಇದೆಲ್ಲ ಸುಳ್ಳು ಅಂತ ಅಚ್ಚಿನಲ್ಲೇ ಪ್ರತಿಭಟಿಸಿದರು.

ಪ್ರಭಾವದ ಮಾತು: ಅಮೆರಿಕನ್ ಕಾದಂಬರಿಕಾರ ಹೆಮಿಂಗ್ವೇ 1924ರಲ್ಲಿ ಆಕೆಯ ದೊಡ್ಡ ಕಾದಂಬರಿಯ ಭಾಗಗಳನ್ನು ಪತ್ರಿಕೆಗಾಗಿ ನಕಲು ಮಾಡಿ, ಪ್ರೂಫ್ ನೋಡಿದವನು. ಪುನರುಕ್ತಿ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಅವನ ಕೈಗೆ ಹತ್ತಿದ್ದು ಅಲ್ಲೇ ಅಂತ ನನ್ನ ಅಂದಾಜು. ಸ್ಟೈನ್ ತನ್ನ ‘ಮೆಲಂಕ್ತ’ ಕಥೆಯ ಕಪ್ಪು ಪಾತ್ರಗಳ ಬಗ್ಗೆ ಬರೆದ ಮಾತುಗಳು ಇವತ್ತು ಚುಚ್ಚುತ್ತವೆ. ಅದೇ ಕಥೆಯನ್ನು ಕಪ್ಪು ಲೇಖಕ ರಿಚರ್ಡ್ ರೈಟ್ ಮೆಚ್ಚಿದ್ದೂ ನಿಜ.

ಅಭಿಮಾನಿಗಳು ಮುಚ್ಚಿಡುವುದು ಎರಡನೇ ಮಹಾಯುದ್ಧದ ವರ್ಷಗಳನ್ನು. ಯಹೂದಿಯಾಗಿದ್ದೂ ಫ್ರಾನ್ಸಿನ ಹಳ್ಳಿಯಲ್ಲಿ ಉಳಿದಳು. ಜರ್ಮನಿಗೆ ಸೋತ ಮೇಲೆ ಫ್ರಾನ್ಸಿನಲ್ಲಿ ಬಂದ ವಿಶಿ ಸರ್ಕಾರಕ್ಕೆ ಹತ್ತಿರವಿದ್ದ ಗೆಳೆಯ ಬರ್ನಾರ್ ಫಾಯಿಯ ಕೃಪೆ ಜೊತೆಗಿತ್ತು. ನಾಜಿಗಳ ಜೊತೆ ಕೈಜೋಡಿಸಿದ, ಆ ಸರ್ಕಾರದ ಮುಖ್ಯಸ್ಥ ಪೆತಾಂನ ಭಾಷಣಗಳನ್ನು ಇಂಗ್ಲಿಷಿಗೆ ತಂದು, ಹೊಗಳಿಕೆಯ ಮುನ್ನುಡಿಯನ್ನೂ ಬರೆದಳು. ಅದು ಪ್ರಕಟವಾಗಲಿಲ್ಲ. ಜೀವಭಯ ಒಂದೇ ಕಾರಣ ಅನ್ನುವುದನ್ನು ನಾನು ಒಪ್ಪುವುದಿಲ್ಲ, ಪೆತಾಂ ಬಗ್ಗೆ ಆಕೆಗೆ ನಿಜವಾದ ಗೌರವವೇ ಇತ್ತು. ಆಕೆಯ ಯುದ್ಧಕಾಲದ ನೆನಪುಗಳ ಪುಸ್ತಕ, 1945ರ ‘ವಾರ್ಸ್ ಐ ಹ್ಯಾವ್ ಸೀನ್’ ಓದುವಾಗ ಇದನ್ನು ಪಕ್ಕದಲ್ಲಿಟ್ಟುಕೊಂಡೇ ಓದಿ.