ಕಾಣ್ತಾ? ಹೂಂ, ಕಾಣ್ತು!

ನನ್ನ ಮದುವೆಯ ದಿನ ಅರುಂಧತಿ ನಕ್ಷತ್ರ ಛತ್ರದ ಒಳಗೇ ಬಂದಿತ್ತು. ಬೇರೆ ಯಾರ ಮದುವೆಯಲ್ಲೂ ಹೀಗಾಗಿದ್ದನ್ನು ನಾನು ಕೇಳಿಲ್ಲ.

ಎರಡನೇ ವಯಸ್ಸಿನಲ್ಲಿ ಬಂದ ಪೋಲಿಯೊ ನನ್ನನ್ನು ವೀಲ್‌ಚೇರಿಗೆ ಹಾಕಿತು. ನಾನು ಅದನ್ನು ಗಾಡಿ ಅನ್ನುತ್ತೇನೆ. ಸಪ್ತಪದಿಯಲ್ಲಿ ಅವಳು ಏಳು ಹೆಜ್ಜೆ ಇಟ್ಟಳು, ನಾನು ಏಳು ಸಲ ಚಕ್ರ ತಳ್ಳಿದೆ. ಆಮೇಲೆ ಪುರೋಹಿತರು, "ಹೊರಗೆ ಬನ್ನಿ, ಅರುಂಧತಿ ದರ್ಶನ" ಅಂದರು. ಛತ್ರದ ಬಾಗಿಲಿಗೆ ಐದು ಮೆಟ್ಟಿಲು. ಹೊತ್ತು ಬೆಳಗ್ಗೆ ಹನ್ನೊಂದೂಕಾಲು. ಮೊದಲ ಪಂಕ್ತಿಗೆ ಎಲೆ ಹಾಕಿಯಾಗಿತ್ತು. ಪುರೋಹಿತರು ನನ್ನ ಗಾಡಿ ನೋಡಿದರು, ಮೆಟ್ಟಿಲು ನೋಡಿದರು, ಎಲೆ ನೋಡಿದರು. "ಪರವಾಗಿಲ್ಲ, ಇಲ್ಲಿಂದಲೇ ನೋಡಿ" ಎಂದು ಬೆರಳು ಮೇಲೆತ್ತಿದರು. ಬೆರಳಿನ ನೇರಕ್ಕೆ ಸೀಲಿಂಗ್ ಫ್ಯಾನ್ ತಿರುಗುತ್ತಿತ್ತು.

"ಕಾಣ್ತಾ?"

"ಕಾಣ್ತು" ಅಂದೆವು, ಇಬ್ಬರೂ ಒಟ್ಟಿಗೆ. ಗಂಡ ಹೆಂಡತಿಯಾಗಿ ನಾವು ಹೇಳಿದ ಮೊದಲ ಜಂಟಿ ಸುಳ್ಳು ಅದು.

ಆಕಾಶದ ವಿಷಯದಲ್ಲಿ ಸುಳ್ಳು ಹೇಳುವುದು ನನಗೆ ಹೀಗೆ ಶಾಸ್ತ್ರೋಕ್ತವಾಗಿ ಶುರುವಾಯಿತು. ಆಮೇಲೆ ಅದರಲ್ಲಿ ಒಳ್ಳೆಯ ಪಳಗಿಕೆಯೂ ಬಂತು. 2020ರ ಡಿಸೆಂಬರ್ 21ರಂದು ಗುರು ಮತ್ತು ಶನಿ ಗ್ರಹಗಳು ಒಂದಕ್ಕೊಂದು ಅಂಟಿದಂತೆ ಕಾಣುತ್ತವೆ ಎಂದು ಎಲ್ಲ ಕಡೆ ಸುದ್ದಿ. 1623ರ ನಂತರ ಅವೆರಡೂ ಇಷ್ಟು ಹತ್ತಿರ ಬಂದಿರಲಿಲ್ಲವಂತೆ. ಒಂದು ಕಾಲೇಜಿನ ಮೈದಾನದಲ್ಲಿ ಟೆಲಿಸ್ಕೋಪ್ ಇಟ್ಟಿದ್ದರು. ಉದ್ದ ಕೊಳವೆ, ಮುಂದೆ ಮಸೂರ, ಹಿಂದೆ ಕಣ್ಣಿಡುವ ಐಪೀಸ್. ಈ ಜಾತಿಯ ಟೆಲಿಸ್ಕೋಪನ್ನು ದಿಗಂತದ ಹತ್ತಿರಕ್ಕೆ ತಿರುಗಿಸಿದರೆ ಅದರ ಹಿಂಭಾಗ ಮೇಲೇಳುತ್ತದೆ. ಗುರು-ಶನಿ ಇದ್ದದ್ದು ನೈಋತ್ಯದಲ್ಲಿ, ತೀರಾ ಕೆಳಗೆ. ಐಪೀಸ್ ಇದ್ದದ್ದು ಐದಡಿ ಮೇಲೆ. ನಾನಿದ್ದದ್ದು ಗಾಡಿಯಲ್ಲಿ.

ಇಬ್ಬರು ಹುಡುಗರು ಬಂದು ಕಂಕುಳಿಗೆ ಕೈ ಹಾಕಿ ನನ್ನನ್ನು ಎತ್ತಿದರು. ಕೊರೊನಾ ಕಾಲ, ಮುಖಕ್ಕೆ ಮಾಸ್ಕು. ನನ್ನ ಉಸಿರಿಗೇ ಐಪೀಸ್ ಮಂಜಾಯಿತು. ಕಂಡದ್ದು ನನ್ನದೇ ಕಣ್ಣಿನ ರೆಪ್ಪೆ, ಸ್ಪಷ್ಟವಾಗಿ ನಾಲ್ಕು ಕೂದಲು. ಕೆಳಗಿನಿಂದ ಹುಡುಗ ಏದುಸಿರು ಬಿಡುತ್ತಾ, "ಕಾಣ್ತಾ ಸಾರ್?" ಅಂದ. ಎಪ್ಪತ್ತೆರಡು ಕಿಲೋ ಹೊತ್ತವನಿಗೆ "ಇನ್ನೂ ಇಲ್ಲ ಕಣಪ್ಪ" ಎನ್ನಲು ಮನಸ್ಸು ಬರುತ್ತಾ? "ಕಾಣ್ತು, ಕಾಣ್ತು, ಇಳಿಸಿ" ಅಂದೆ. ಸುಮಾರು ನಾನ್ನೂರು ವರ್ಷದ ನಂತರ ಬಂದ ನೋಟವನ್ನು ನಾನು ಹೀಗೆ ನೋಡಿದೆ.

ಮನೆಗೆ ಬಂದು ನಮ್ಮದೇ ಒಂದು ಟೆಲಿಸ್ಕೋಪ್ ತಗೊಳ್ಳಬೇಕು ಎಂದು ತೀರ್ಮಾನಿಸಿದೆ. ದುಡ್ಡು ಕೂಡಿಸಲು ನಾಲ್ಕು ವರ್ಷ ಹಿಡಿಯಿತು. 2024ರ ಅಕ್ಟೋಬರಿನಲ್ಲಿ ತಿಪಟೂರಿನ ನಮ್ಮ ಮನೆಗೆ ಶವಪೆಟ್ಟಿಗೆ ಗಾತ್ರದ ಡಬ್ಬ ಬಂತು. ಬೀದಿಯವರೆಲ್ಲ ಒಮ್ಮೆ ಹಣಕಿ ಹೋದರು. ಒಳಗಿದ್ದದ್ದು ಎಂಟು ಇಂಚಿನ ಕನ್ನಡಿಯ ಡಾಬ್ಸೋನಿಯನ್. ನೋಡಲು ಬಿಸಿನೀರಿನ ಬಾಯ್ಲರನ್ನು ಗುಂಡು ಹಲಗೆಯ ಮೇಲೆ ಕೂರಿಸಿದಂತೆ.

ಇದನ್ನು ರೂಪಿಸಿದ ಜಾನ್ ಡಾಬ್ಸನ್ ಕಥೆ ನನಗೆ ಬಹಳ ಇಷ್ಟ. ಆತ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯಲ್ಲಿ, ರಾಮಕೃಷ್ಣ ಪರಂಪರೆಯ ಸನ್ಯಾಸಿಯಾಗಿದ್ದವರು. ಮಠದಲ್ಲಿ ಕದ್ದುಮುಚ್ಚಿ ಗಾಜು ಉಜ್ಜಿ ಕನ್ನಡಿ ಮಾಡುತ್ತಿದ್ದರು. ಯಾರಿಗೂ ತಿಳಿಯಬಾರದೆಂದು ಜೊತೆಯ ಸನ್ಯಾಸಿಗೆ ಬರೆಯುವ ಪತ್ರದಲ್ಲಿ ಟೆಲಿಸ್ಕೋಪಿಗೆ 'ಜೆರೇನಿಯಂ ಗಿಡ' ಅನ್ನುತ್ತಿದ್ದರಂತೆ. ಕೊಳವೆಯಲ್ಲಿ ಕೂರಿಸಿದ್ದಾದರೆ 'ಕುಂಡದಲ್ಲಿರೋ ಜೆರೇನಿಯಂ'. 1967ರಲ್ಲಿ ಮಠ ಬಿಟ್ಟರು. ಆಮೇಲೆ ಫುಟ್‌ಪಾತಿನಲ್ಲಿ ಟೆಲಿಸ್ಕೋಪ್ ಇಟ್ಟು ಹೋಗಿಬರುವವರನ್ನೆಲ್ಲ ಕರೆದು ಚಂದ್ರನನ್ನು ತೋರಿಸಿದರು. ನಾನೂ ಬೆಲೆಯ ವಿಷಯದಲ್ಲಿ ಹೆಂಡತಿಗೆ ಒಂದು ಗುಪ್ತ ಭಾಷೆ ಬಳಸಿದ್ದೆ. ಬಿಲ್ಲು ಡಬ್ಬದ ಒಳಗೇ ಇತ್ತು, ಸಿಕ್ಕಿಬಿದ್ದೆ.

ಡಾಬ್ಸೋನಿಯನ್ನಿಗೆ ಸ್ಟ್ಯಾಂಡ್ ಇಲ್ಲ, ನೆಲದ ಮೇಲೇ ಕೂರುತ್ತದೆ. ಐಪೀಸ್ ಕೊಳವೆಯ ಮೇಲ್ತುದಿಯ ಪಕ್ಕದಲ್ಲಿ. ಕೊಳವೆ ಅರ್ಧ ಆಕಾಶದ ಕಡೆ ಓರೆಯಾಗಿದ್ದರೆ ಐಪೀಸ್ ಸುಮಾರು ಮೂರೂವರೆ ಅಡಿಗೆ ಬರುತ್ತದೆ. ಗಾಡಿಯಲ್ಲಿ ಕೂತಾಗ ನನ್ನ ಕಣ್ಣು ನೆಲದಿಂದ 46 ಇಂಚು. ಸ್ವಲ್ಪ ಬಗ್ಗಿದರೆ ಸಾಕು. ಕಾಗದದ ಮೇಲೆ ಲೆಕ್ಕ ಎಷ್ಟು ಚೆನ್ನಾಗಿತ್ತು ಅಂದರೆ, ಡಾಬ್ಸನ್ ಸ್ವಾಮಿಗಳು ನನಗಾಗಿಯೇ ಇದನ್ನು ಮಾಡಿರಬೇಕು ಅನ್ನಿಸಿತ್ತು.

ಲೆಕ್ಕದಲ್ಲಿ ನಾನು ನನ್ನ ಪಾದಗಳನ್ನು ಮರೆತಿದ್ದೆ. ನಡೆಯದ ಪಾದ ಅಲ್ವಾ, ನೆನಪಿಗೆ ಬರುವುದು ಕಮ್ಮಿ. ಆದರೆ ಅವು ಫುಟ್‌ರೆಸ್ಟಿನ ಮೇಲೆ ನನಗಿಂತ ಒಂದೂವರೆ ಅಡಿ ಮುಂದೆ ಇರುತ್ತವೆ. ಮೊದಲ ದಿನ ಗಾಡಿ ಮುಂದೆ ಬಿಟ್ಟೆ. ಫುಟ್‌ರೆಸ್ಟ್ ಹೋಗಿ ಗುಂಡು ಹಲಗೆಗೆ ಢಣ್ ಎಂದು ಹೊಡೆಯಿತು. ನನ್ನ ಮೂಗಿಗೂ ಐಪೀಸಿಗೂ ನಡುವೆ ಒಂದು ಗೇಣು. ಆ ಗೇಣು ದಾಟುವುದಕ್ಕೆ ಒಂದು ತಿಂಗಳೇ ಬೇಕಾಯಿತು.

ನಮ್ಮ ಬೀದಿ ಕೊನೆಯ ವೆಲ್ಡಿಂಗ್ ಅಂಗಡಿಯವನನ್ನು ಕರೆಸಿದೆ. ಅವನಿಗೆ ತೊಂದರೆ ಐದೇ ನಿಮಿಷದಲ್ಲಿ ಅರ್ಥವಾಯಿತು. "ಸಾರ್, ಇದನ್ನ ಮೇಜಿನ ಥರ ಎತ್ತರ ಮಾಡಿದ್ರೆ ನಿಮ್ಮ ಕಾಲು ಕೆಳಗೆ ಹೋಗುತ್ತೆ" ಅಂದ. ಟೇಪ್ ಹಿಡಿದು ಅಳತೆ ತೆಗೆದ. ಮೂರು ದಿನದಲ್ಲಿ ಕಬ್ಬಿಣದ ಆಂಗಲ್ ಹಾಕಿದ ಸ್ಟ್ಯಾಂಡ್ ಬಂತು. ಹದಿನಾಲ್ಕು ಇಂಚು ಎತ್ತರ, ಹಸಿರು ಬಣ್ಣ. "ಆನೆ ಹತ್ತಿದ್ರೂ ಅಲ್ಲಾಡಲ್ಲ ಸಾರ್." ನಿಜ, ಅಲ್ಲಾಡಲಿಲ್ಲ. ಅದರ ಮೇಲೆ ಟೆಲಿಸ್ಕೋಪ್ ಇಟ್ಟರೆ ನನ್ನ ಹೆಂಡತಿಯೂ ತುದಿಗಾಲಲ್ಲಿ ನಿಲ್ಲಬೇಕಾಯಿತು. ಅವನು ಅಳತೆ ತೆಗೆದ ದಿನ ಕೊಳವೆ ಪಕ್ಕದ ತೋಟದ ತೆಂಗಿನ ಗೊನೆಯ ಕಡೆ ತಗ್ಗಿತ್ತು. ಗೊನೆಗೆ ಸರಿಯಾದ ಎತ್ತರವೇ. ತಿಪಟೂರಿನಲ್ಲಿ ತೆಂಗಿನಕಾಯಿ ನೋಡಲು ಪ್ರಪಂಚದಲ್ಲೇ ಅತ್ಯುತ್ತಮ ಸ್ಟ್ಯಾಂಡ್ ಅದು. ಬಯ್ಯೋಣ ಅಂದರೆ ಅವನು ಕೂಲಿಯನ್ನೇ ತೆಗೆದುಕೊಂಡಿರಲಿಲ್ಲ, ಬರೀ ಕಬ್ಬಿಣದ ದುಡ್ಡು. "ಸಾರ್, ಕಾಣ್ತಾ?" ಅಂತ ಕೇಳಿದ. ನಾನು ಏನು ಹೇಳಿದೆ ಅಂತ ಬೇರೆ ಹೇಳಬೇಕಾ? ಈಗ ಅದರ ಮೇಲೆ ದೊಡ್ಡಪತ್ರೆ ಕುಂಡ ಇದೆ.

ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಾನೆ. ಫೋನಿನಲ್ಲಿ ಅವನ ಪಾಠ. "ಮಾಮ, ಅಮೆರಿಕದಲ್ಲಿ ರಸೆಲ್ ಪೋರ್ಟರ್ ಅಂತ ಒಬ್ರು ನೂರು ವರ್ಷದ ಹಿಂದೇನೇ ಸ್ಪ್ರಿಂಗ್‌ಫೀಲ್ಡ್ ಮೌಂಟ್ ಅಂತ ಮಾಡಿದ್ರು. ಕೊಳವೆ ಎಲ್ಲಿ ತಿರುಗಿದ್ರೂ ಐಪೀಸ್ ಇದ್ದಲ್ಲೇ ಇರುತ್ತೆ. ಟೆಕ್ಸಸ್‌ನ ಮ್ಯಾಕ್‌ಡೊನಾಲ್ಡ್ ವೀಕ್ಷಣಾಲಯದಲ್ಲಿ ವೀಲ್‌ಚೇರ್‌ನವರಿಗೇ ಅಂತ ಒಂದು ಟೆಲಿಸ್ಕೋಪ್ ಇದೆ, ಅದರದ್ದೂ ಐಪೀಸ್ ಕದಲಲ್ಲ." ಸರಿ, ಟೆಕ್ಸಸ್‌ಗೆ ಅರಸೀಕೆರೆ ಪ್ಯಾಸೆಂಜರ್ ಹೋಗುತ್ತಾ ಎಂದು ಕೇಳಿದೆ. ದೀಪಾವಳಿ ರಜಕ್ಕೆ ತಾನೇ ಬಂದ.

ಬಂದವನು ಐಪೀಸಿಗೆ ಮೊಬೈಲ್ ಕಚ್ಚಿಸುವ ಒಂದು ಕ್ಲಿಪ್ಪು ತಂದಿದ್ದ. ಕಣ್ಣು ಹತ್ತಿರ ಹೋಗುವುದೇ ಬೇಡ, ಚಂದ್ರ ಮೊಬೈಲ್ ಪರದೆಯ ಮೇಲೇ ಬರುತ್ತಾನೆ. ಬಂದ ಕೂಡ. ಕುಳಿ, ಬೆಟ್ಟ, ನೆರಳು, ಎಲ್ಲಾ ಪರದೆ ತುಂಬ. ಬೀದಿಯ ಮಕ್ಕಳೆಲ್ಲ ಕಾಂಪೌಂಡ್ ಹತ್ತಿದರು. ಅಷ್ಟರಲ್ಲಿ ಚಂದ್ರ ನಡುಗಿ ಮಾಯವಾದ, ಪರದೆಯ ಮೇಲೆ ಒಂದು ನಂಬರ್ ಬಂತು. ಫೋನು ನನ್ನದೇ. ಸ್ಪೀಕರಿನಲ್ಲಿ ಒಂದು ಹೆಣ್ಣು ಧ್ವನಿ, "ಸರ್, ಪರ್ಸನಲ್ ಲೋನ್ ಬೇಕಿತ್ತಾ?" ಒಬ್ಬ ಪುಟ್ಟ ಹುಡುಗ ಬೆರಗಾಗಿ, "ಚಂದ್ರನಿಂದ ಫೋನಾ?" ಅಂದ.

ಫೋನ್ ಕತ್ತರಿಸಿದರೂ ಚಂದ್ರ ವಾಪಸ್ ಬರಲಿಲ್ಲ. ಮೊಬೈಲಿನ ಭಾರಕ್ಕೆ ಕೊಳವೆಯ ಮೂತಿ ನಿಧಾನವಾಗಿ, ದೇವರಿಗೆ ನಮಸ್ಕಾರ ಮಾಡುವವರಂತೆ, ಬಗ್ಗುತ್ತಾ ಹೋಗಿತ್ತು. ಹಿಂಭಾಗಕ್ಕೆ ಭಾರ ಕಟ್ಟಬೇಕು. ನಮ್ಮೂರಿನಲ್ಲಿ ತೂಕದ ಕಲ್ಲಿಗೆ ಬರವೇ? ಕೊಬ್ಬರಿ ವ್ಯಾಪಾರದ ಗೆಳೆಯನಿಂದ ಅರ್ಧ ಕಿಲೋದ ಹಳೇ ಕಬ್ಬಿಣದ ತೂಕ ಇಸಕೊಂಡು ಬಂದೆವು. ಸೈಕಲ್ ಟ್ಯೂಬ್ ಸೀಳಿ ಕೊಳವೆಯ ಬುಡಕ್ಕೆ ಬಿಗಿದೆವು. ಅದರ ಮೇಲೆ ಇಲಾಖೆಯ ಮುದ್ರೆ ಇನ್ನೂ ಇದೆ. ನನ್ನದು ಸರ್ಕಾರದವರು ಪರೀಕ್ಷಿಸಿದ ಟೆಲಿಸ್ಕೋಪ್.

ಆದರೆ ಪರದೆಯಲ್ಲಿ ನೋಡುವುದು ನನಗೆ ಯಾಕೋ ಹಿಡಿಸಲಿಲ್ಲ. ಚಂದ್ರನ ಫೋಟೋ ಮನೆಯೊಳಗೆ ಫ್ಯಾನಿನ ಕೆಳಗೆ ಕೂತು ನೋಡಬಹುದು. ಕಣ್ಣಿಗೇ ಬೀಳಬೇಕು ಅನ್ನುವ ಹಟ ನನ್ನದು. ಪರದೆಯಲ್ಲಿ ನೋಡುವವರ ಬಗ್ಗೆ ನನ್ನ ತಕರಾರಿಲ್ಲ. ಕತ್ತು ತಿರುಗದವರಿಗೆ, ಕಣ್ಣು ನಿಲ್ಲದವರಿಗೆ ಅದು ವರವೇ. ನನ್ನ ಕತ್ತು ಚೆನ್ನಾಗಿದೆ, ಕಾಲು ಮಾತ್ರ ಅಡ್ಡ ಬರುತ್ತದೆ.

ಕೊನೆಗೆ ದಾರಿ ಸಿಕ್ಕಿದ್ದು ಬಚ್ಚಲಿನಲ್ಲಿ. ಗಾಡಿಯಿಂದ ಸ್ನಾನದ ಸ್ಟೂಲಿಗೆ ಜಾರುವಾಗ ದಿನಾ ನಾನು ಏನು ಮಾಡುತ್ತೇನೆ? ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಬಲಗಡೆಯ ಕೈಯಾಸರೆ ಕಳಚುತ್ತೇನೆ. ಮೂವತ್ತು ವರ್ಷದಿಂದ ಮಾಡುತ್ತಿರುವ ಕೆಲಸ, ಟೆಲಿಸ್ಕೋಪಿಗೆ ಹೊಳೆದಿರಲಿಲ್ಲ. ಅಂದು ರಾತ್ರಿ ಟೆಲಿಸ್ಕೋಪಿನ ಮಗ್ಗುಲಿಗೆ ಅಡ್ಡಲಾಗಿ ಗಾಡಿ ನಿಲ್ಲಿಸಿ, ಕೈಯಾಸರೆ ತೆಗೆದು, ಸೊಂಟದಿಂದ ಮೇಲೆ ಮಾತ್ರ ತಿರುಗಿದೆ. ಐಪೀಸ್ ಬಂದು ಹುಬ್ಬಿಗೆ ತಾಗಿತು.

ಸಂತೋಷದಲ್ಲಿ ಬ್ರೇಕ್ ಹಾಕುವುದು ಮರೆತೆ. ನಮ್ಮ ಅಂಗಳ ಮಳೆನೀರು ಹೋಗಲಿ ಎಂದು ಸ್ವಲ್ಪ ಇಳಿಜಾರು. ಕೊಳವೆಯನ್ನು ಎಡಕ್ಕೆ ತಳ್ಳಿದೆ. ಕೊಳವೆ ಇದ್ದಲ್ಲೇ ಇತ್ತು, ನಾನು ಬಲಕ್ಕೆ ಹೊರಟೆ. ತುಳಸಿಕಟ್ಟೆ ತಡೆಯದಿದ್ದರೆ ಗೇಟಿನವರೆಗೆ ಹೋಗುತ್ತಿದ್ದೆ. ನ್ಯೂಟನ್ನನ ಮೂರನೇ ನಿಯಮ ಶಾಲೆಯಲ್ಲಿ ಅರ್ಥವಾಗಿರಲಿಲ್ಲ, ಅವತ್ತು ಆಯಿತು. ಈಗ ಅಲ್ಲಿ ಎರಡು ಕಡಪ ಕಲ್ಲು ಮಟ್ಟವಾಗಿ ಹಾಸಿದೆ, ಚಕ್ರಕ್ಕೆ ಅಡ್ಡ ಒಂದು ಇಟ್ಟಿಗೆ ಬೇರೆ.

ಇನ್ನುಳಿದದ್ದು ನೆತ್ತಿ. ನೆತ್ತಿಯ ಮೇಲಿನದನ್ನು ನೋಡಲು ಕೊಳವೆ ನೆಟ್ಟಗೆ ನಿಲ್ಲುತ್ತದೆ, ಐಪೀಸ್ ನಾಲ್ಕು ಅಡಿ ದಾಟುತ್ತದೆ. ಇದಕ್ಕೆ ನಾನು ಏನೂ ಮಾಡಲಿಲ್ಲ. ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ನೆತ್ತಿಯಲ್ಲಿದ್ದದ್ದು ಮೂರು ಗಂಟೆಯಲ್ಲಿ ನನ್ನ ಎತ್ತರಕ್ಕೆ ಇಳಿದು ಬರುತ್ತದೆ. ಬೇರೆಯವರಿಗೆ ಮೂರು ಗಂಟೆ ಕೂರುವುದು ಕಷ್ಟ. ನಾನು ಹೇಗೂ ಕೂತೇ ಇರುತ್ತೇನೆ.

ಹೀಗೆ ಕಾದು ಕೂತೇ ನವೆಂಬರಿನಲ್ಲಿ ಶನಿಯನ್ನು ಹಿಡಿದೆ. ಹತ್ತು ಗಂಟೆ ಹೊತ್ತಿಗೆ ಅವನು ಪಶ್ಚಿಮಕ್ಕೆ ಇಳಿದಿದ್ದ. ಸರಿಯಾಗಿ ಕರೆಂಟ್ ಹೋಯಿತು. ಇಡೀ ಬೀದಿ "ಅಯ್ಯೋ" ಅಂದಾಗ ನಾವಿಬ್ಬರೇ ಚಪ್ಪಾಳೆ ತಟ್ಟಿದೆವು. ಆ ವರ್ಷ ಶನಿಯ ಬಳೆ ನಮ್ಮ ಕಡೆ ಅಂಚು ತಿರುಗಿಸುತ್ತಾ ಬಂದಿತ್ತು. 2025ರ ಮಾರ್ಚಿನಲ್ಲಿ ಪೂರ್ತಿ ಅಂಚೇ. ಸುಮಾರು 15 ವರ್ಷಕ್ಕೊಮ್ಮೆ ಹೀಗಾಗುತ್ತದೆ, ನನ್ನ ಅದೃಷ್ಟಕ್ಕೆ ಟೆಲಿಸ್ಕೋಪ್ ಕೊಂಡ ವರ್ಷವೇ ಆಯಿತು. ಆದರೂ ಗುಂಡು ಮಣಿಗೆ ಸೂಜಿ ಚುಚ್ಚಿದಂತೆ ತೆಳ್ಳನೆಯ ಗೆರೆ ಕಂಡಿತು. ನಾನೇ ನೋಡಿದೆ. ಯಾರೂ ನನ್ನನ್ನು ಎತ್ತಿ ಹಿಡಿದಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ನಾನೇ ಕತ್ತಲೆಗೆ, "ಕಾಣ್ತು" ಅಂದೆ.

ಪಕ್ಕದ ಮನೆ ಮೇಷ್ಟ್ರು ಬಂದರು. ಐಪೀಸ್ ನನ್ನ ಎತ್ತರಕ್ಕಿತ್ತು. ಆರಡಿಯ ಮನುಷ್ಯ ಅರ್ಧಕ್ಕೆ ಮಡಚಿಕೊಂಡರು. "ಅಯ್ಯಪ್ಪಾ ಸೊಂಟ! ಕೂರೋಕೆ ಏನಾದ್ರೂ ಇದೆಯೇನಪ್ಪ?" ಅಂದರು. ಇದ್ದ ಒಂದು ಕುರ್ಚಿಯಲ್ಲಿ ನಾನಿದ್ದೆ. ಹೆಂಡತಿ ಪ್ಲಾಸ್ಟಿಕ್ ಕುರ್ಚಿ ತಂದಳು. ಕೂತರು, ಕನ್ನಡಕ ತೆಗೆದರು, ಹಾಕಿದರು, ಮತ್ತೆ ತೆಗೆದರು. 120 ಪಟ್ಟು ದೊಡ್ಡದು ಮಾಡಿ ನೋಡುವಾಗ ಶನಿ ಐಪೀಸನ್ನು ಆಚೆಯಿಂದ ಈಚೆಗೆ ದಾಟಲು ಒಂದೂವರೆ ನಿಮಿಷ ಸಾಕು. ಮೇಷ್ಟ್ರು ಕೂತು ಮೂರು ನಿಮಿಷವಾಗಿತ್ತು.

"ಕಾಣ್ತಾ ಮೇಷ್ಟ್ರೇ?"

"ಓಹೋ! ಕಾಣ್ತು, ಕಾಣ್ತು. ಏನು ಚೆಂದ!"

ಆ ದನಿ ನನಗೆ ಚೆನ್ನಾಗಿ ಗೊತ್ತು. ನಾನು ಮಾತಾಡದೆ ಕೊಳವೆ ಸರಿಪಡಿಸಿ, "ಇನ್ನೊಂದ್ಸಲ ನೋಡಿಬಿಡಿ" ಅಂದೆ. ಈ ಸಲ ಅವರು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಎಲಾ ಇವನ!" ಅಂದರು.

ಮೇ ಬಂತು. ದಿನಕ್ಕೊಂದು ಮದುವೆ ಊಟ. ಒಂದು ರಾತ್ರಿ ಹತ್ತರ ಸುಮಾರಿಗೆ ಸಪ್ತರ್ಷಿ ಮಂಡಲ ಉತ್ತರದಲ್ಲಿ ಅರ್ಧ ಆಕಾಶಕ್ಕೆ ಬಂದು ನಿಂತಿತ್ತು. ನಮ್ಮೂರಿನಿಂದ ವಸಿಷ್ಠ ಏರುವುದೇ ಅಷ್ಟು, ಸುಮಾರು 48 ಡಿಗ್ರಿ. ನನ್ನ ಕಣ್ಣಿಗೆ ಅಳತೆ ಕೊಟ್ಟು ಹೊಲಿಸಿದಂತೆ. ಹೆಂಡತಿಯನ್ನು ಕರೆದೆ. "ಬಾ, ಮದುವೆ ದಿನದ ಬಾಕಿ ತೀರಿಸ್ತೀನಿ."

ಅವಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಣ್ಣಿಟ್ಟಳು. ಬಹಳ ಹೊತ್ತು ನೋಡಿದಳು.

"ರೀ, ಇಲ್ಲಿ ಮೂರು ಇದಾವೆ."

"ಹೂಂ. ದೊಡ್ಡದು ವಸಿಷ್ಠ. ದೂರದಲ್ಲಿ ಒಂಟಿಯಾಗಿದೆಯಲ್ಲ, ಅದು ಅರುಂಧತಿ."

"ಮತ್ತೆ ವಸಿಷ್ಠರಿಗೆ ಅಂಟಿಕೊಂಡು ಇನ್ನೊಂದಿದೆಯಲ್ಲ, ಅದ್ಯಾರು?"

ನನಗೆ ಗೊತ್ತಿದ್ದದ್ದನ್ನು ಹೇಳಿದೆ. ವಸಿಷ್ಠ ಒಂಟಿ ನಕ್ಷತ್ರವಲ್ಲ, ಜೋಡಿ. ಬರಿಗಣ್ಣಿಗೆ ಒಂದೇ. 1617ರಲ್ಲಿ ಗೆಲಿಲಿಯೊನ ಗೆಳೆಯ ಕ್ಯಾಸ್ಟೆಲ್ಲಿ ಟೆಲಿಸ್ಕೋಪಿನಲ್ಲಿ ನೋಡಿದಾಗ ಎರಡು ಎಂದು ಗೊತ್ತಾಯಿತು. ಇಲ್ಲಿಂದ ಸುಮಾರು 80 ಜ್ಯೋತಿರ್ವರ್ಷ ದೂರ.

ಅವಳು ಐಪೀಸಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು.

"ಅಂದ್ರೆ ಹೆಂಡತಿ ಅಷ್ಟು ದೂರ, ಇನ್ಯಾರೋ ಪಕ್ಕದಲ್ಲಿ. ಇದನ್ನ ನೋಡಿ ಕಲೀರಿ ಅಂತಲಾ ಮದುವೇಲಿ ತೋರಿಸೋದು?"

ನಾನು ಬ್ರೇಕ್ ಹಾಕಿದೆಯಾ ಎಂದು ಒಮ್ಮೆ ಮುಟ್ಟಿ ನೋಡಿಕೊಂಡೆ.

"ಫ್ಯಾನೇ ವಾಸಿ ಇತ್ತು ಬಿಡಿ" ಎಂದು ಅವಳು ಕುರ್ಚಿ ಎತ್ತಿಕೊಂಡು ಒಳಗೆ ಹೋದಳು.