ಲಿಯಾನ್‌ನ ಫಾರ್ಮಸಿಯಲ್ಲಿ ಅಮ್ಮನ ಸುಣ್ಣದ ತಿಳಿ

ಮಗಳು ಹುಟ್ಟಿ ಆಸ್ಪತ್ರೆಯಿಂದ ಬಂದ ಮಾರನೇ ದಿನವೇ ಸೂಲಗಿತ್ತಿ ಮನೆಗೆ ಬಂದರು. ಫ್ರಾನ್ಸಿನಲ್ಲಿ ಹೆರಿಗೆಯ ನಂತರ ಸೂಲಗಿತ್ತಿಯರು ಮನೆಗೇ ಬಂದು ತಾಯಿ, ಮಗುವನ್ನು ನೋಡಿ ಹೋಗುತ್ತಾರೆ. ಕಾಲೇಜಿನಲ್ಲಿ ಓದಿ, ಮದ್ದಿನ ಚೀಟಿ ಬರೆಯುವ ಅಧಿಕಾರ ಇರುವ ಸೂಲಗಿತ್ತಿಯರು ಇವರು. ಮಗುವನ್ನು ಒರೆಸಲು ಏನು ತರಬೇಕು ಅಂತ ಕೇಳಿದೆ. ವೆಟ್ ವೈಪ್ಸ್, ಪೌಡರ್, ಲೋಷನ್ ಅಂತ ದೊಡ್ಡ ಪಟ್ಟಿಯೇ ಬರುತ್ತದೆ ಅಂದುಕೊಂಡಿದ್ದೆ. ಅವರು ಬರೆದದ್ದು ಒಂದೇ ಹೆಸರು: ಲಿನಿಮಾಂ.

ನನ್ನವರು ಬೀದಿ ಮೂಲೆಯ ಫಾರ್ಮಸಿಯಿಂದ ಅರ್ಧ ಲೀಟರಿನ ಬಾಟಲಿ ತಂದರು. ಬಾಣಂತನಕ್ಕೆ ಮಲೆನಾಡಿನ ಸಾಗರದಿಂದ ಬಂದಿದ್ದ ಅಮ್ಮ ಅದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದಳು. ಮೇಲೆ ಹಳದಿ ಎಣ್ಣೆ, ಕೆಳಗೆ ನೀರು. ಕುಲುಕಿದರೆ ಎರಡೂ ಸೇರಿ ಕೆನೆಯ ಹಾಗಾಯಿತು. ಅಂಗೈಗೆ ನಾಲ್ಕು ತೊಟ್ಟು ಹಾಕಿ ಉಜ್ಜಿದಳು. ಮೂಸಿದಳು.

"ಪುಟ್ಟಿ, ಇದು ಸುಣ್ಣದ ತಿಳಿ ಅಲ್ವಾ?"

ಬಾಟಲಿಯ ಹಿಂದೆ ಬರೆದದ್ದನ್ನು ಓದಿದೆ. ಅಮ್ಮ ಹೇಳಿದ್ದು ಸರಿ. ಅರ್ಧ ಆಲಿವ್ ಎಣ್ಣೆ, ಅರ್ಧ ಸುಣ್ಣದ ತಿಳಿನೀರು. ಕೆಲವು ಕಂಪನಿಯವರು ಎರಡೂ ಬೇರೆಯಾಗದಿರಲಿ ಅಂತ ಚೂರು ಜೇನುಮೇಣ ಸೇರಿಸುತ್ತಾರೆ, ಅಷ್ಟೇ. ಸುಣ್ಣದ ನೀರು ಎಣ್ಣೆಗೆ ಸೇರಿದಾಗ ಒಂದಿಷ್ಟು ಸಾಬೂನಾಗುತ್ತದೆ. ಕೊಳೆ ತೆಗೆಯುವುದು ಅದು. ಉಚ್ಚೆಯ ಹುಳಿಯನ್ನು ಸುಣ್ಣ ತಗ್ಗಿಸುತ್ತದೆ. ಉಳಿದ ಎಣ್ಣೆ ಚರ್ಮದ ಮೇಲೆ ತೆಳ್ಳಗೆ ನಿಂತು ಮುಂದಿನ ಒದ್ದೆ ತಾಗದಂತೆ ಕಾಯುತ್ತದೆ. ಹತ್ತಿಗೆ ಹಾಕಿ ಒರೆಸಿದರೆ ಮುಗಿಯಿತು, ತೊಳೆಯುವ ಕೆಲಸವೂ ಇಲ್ಲ. ಕೆಲವೇ ದಿನದಲ್ಲಿ ಆ ಬಾಟಲಿ ಮನೆಯವರಿಗೆಲ್ಲ ಬೇಕಾಯಿತು. ಮಗುವಿನ ನೆತ್ತಿಯ ಹಕ್ಕಳೆ ಮೆತ್ತಗೆ ಮಾಡುವುದಕ್ಕೆ ಅದೇ. ರಾತ್ರಿ ನನ್ನ ಮುಖದ ಮೇಕಪ್ ಒರೆಸುವುದಕ್ಕೆ ಅದೇ. ಇಲ್ಲಿನ ಜನವರಿಯ ಚಳಿಗೆ ಬಿರಿದ ಅಮ್ಮನ ಮೊಣಕಾಲಿಗೂ ಅದೇ.

ನಮ್ಮೂರ ಕಡೆ ಕವಳದ ಸುಣ್ಣಕ್ಕೆ ನೀರು ಹಾಕಿ ಕದಡಿ, ಕೆಳಗೆ ಕೂರಲು ಬಿಡುತ್ತಿದ್ದರು. ಮೇಲಿನ ತಿಳಿಯನ್ನು ಬಸಿದು, ತೆಂಗಿನೆಣ್ಣೆಗೆ ಹಾಕಿ ಬೆಳ್ಳಗಾಗುವವರೆಗೆ ಕಡೆಯುತ್ತಿದ್ದರು. ಎಣ್ಣೆ ಸಿಡಿದರೆ, ಕೆಂಡ ತಾಗಿದರೆ ಅದೇ ಮದ್ದು. ಸ್ಕಾಟ್ಲೆಂಡಿನ ಕ್ಯಾರನ್ ಎಂಬಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲೂ ಸುಟ್ಟ ಗಾಯಕ್ಕೆ ಇದನ್ನೇ ಹಚ್ಚುತ್ತಿದ್ದರು, ಅಗಸೆ ಎಣ್ಣೆಯಲ್ಲಿ ಮಾಡಿದ್ದನ್ನು. ಅದಕ್ಕೆ ಕ್ಯಾರನ್ ಆಯಿಲ್ ಅಂತಲೇ ಹೆಸರು ಬಂತು. ಸಾಗರದಲ್ಲಿ ತೆಂಗು, ಸ್ಕಾಟ್ಲೆಂಡಿನಲ್ಲಿ ಅಗಸೆ, ಫ್ರಾನ್ಸಿನಲ್ಲಿ ಆಲಿವ್. ಯಾರ ಮನೆಯಲ್ಲಿ ಯಾವ ಎಣ್ಣೆ ಇತ್ತೋ ಅದಕ್ಕೆ ಸುಣ್ಣದ ತಿಳಿ ಸೇರಿಸಿದ್ದಾರೆ.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಸುಟ್ಟ ಗಾಯಕ್ಕೆ ಇದನ್ನು ಈಗ ಹಚ್ಚಬಾರದು, ಇಲ್ಲೂ ಹಚ್ಚುವುದಿಲ್ಲ. ಫ್ರಾನ್ಸಿನಲ್ಲಿ ಜನ ನೆನಪಿಟ್ಟುಕೊಂಡ ಒಂದು ಲೆಕ್ಕ ಇದೆ: 15 ಡಿಗ್ರಿಯ ನೀರು, 15 ನಿಮಿಷ, ನಲ್ಲಿಯಿಂದ 15 ಸೆಂಟಿಮೀಟರ್ ದೂರ. ಮೊದಲು ನೀರು, ಆಮೇಲೆ ಡಾಕ್ಟರು. ಎಣ್ಣೆ, ಹಿಟ್ಟು, ಟೂತ್‌ಪೇಸ್ಟ್ ಯಾವುದೂ ಬೇಡ. ಅಂದರೆ ಹಳೆಯ ಮದ್ದಿನ ಒಂದು ಕೆಲಸವನ್ನು ಇವರು ಬಿಟ್ಟಿದ್ದಾರೆ, ಇನ್ನೊಂದನ್ನು ಉಳಿಸಿಕೊಂಡಿದ್ದಾರೆ. ಎಷ್ಟಕ್ಕೆ ಎಷ್ಟು, ಯಾವುದಕ್ಕೆ ಹೌದು, ಯಾವುದಕ್ಕೆ ಬೇಡ ಅಂತ ಬಾಟಲಿಯ ಮೇಲೆ ಬರೆದಿದ್ದಾರೆ. ಎಂಟು ವರ್ಷದಿಂದ ಲಿಯಾನ್‌ನಲ್ಲಿದ್ದೇನೆ. ಇಲ್ಲಿನ ಫಾರ್ಮಸಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು.

ಊರಿಂದ ಬರುವವರಿಗೆ ಹಿಡಿಸುವುದು ಬೇರೆ. ಫ್ರೆಂಚ್ ಫಾರ್ಮಸಿ ಅಂದರೆ ಈಗ ಪ್ರವಾಸಿ ತಾಣ. ಪ್ಯಾರಿಸ್‌ನ ರ್ಯೂ ದ್ಯು ಫೂರ್‌ನಲ್ಲಿರುವ ಸಿಟಿಫಾರ್ಮಾಗೆ ಹೋದರೆ ಕಾಲಿಡಲು ಜಾಗ ಇರುವುದಿಲ್ಲ. ಎಲ್ಲರ ಫೋನಿನಲ್ಲೂ ಒಂದು ಪಟ್ಟಿ. ಮೇಕಪ್ ಒರೆಸುವ ಬಯೋಡರ್ಮಾದ ಮಿಸೆಲರ್ ನೀರು, ನ್ಯೂಕ್ಸ್‌ನ ಒಣ ಎಣ್ಣೆ, ಆವೆನ್‌ನ ಬಿಸಿನೀರ ಬುಗ್ಗೆಯ ಸ್ಪ್ರೇ, ಎಂಬ್ರಿಯೋಲಿಸ್ ಕ್ರೀಮ್. ಬುಟ್ಟಿ ತುಂಬಿಸಿ ಬಿಲ್ ಕೊಟ್ಟು ಹೊರಡುತ್ತಾರೆ. ಕೌಂಟರಿನ ಆಚೆ ನಿಂತವರ ಜೊತೆ ಒಂದು ಮಾತೂ ಆಡುವುದಿಲ್ಲ. ಆ ಅಂಗಡಿಯಲ್ಲಿ ಬೆಲೆ ಕೊಡದೆ ಸಿಗುವುದು ಆ ಮಾತು. ಅದನ್ನೇ ಬಿಟ್ಟು ಬರುತ್ತಾರೆ.

ಇಲ್ಲಿ ಫಾರ್ಮಸಿಯ ಒಡೆತನ ಫಾರ್ಮಸಿಸ್ಟರಿಗೆ ಮಾತ್ರ. ಬೇರೆ ಯಾರೂ ದುಡ್ಡು ಹಾಕಿ ಅಂಗಡಿ ತೆರೆಯುವಂತಿಲ್ಲ. ಕಡಿಮೆ ಅಂದರೂ ಆರು ವರ್ಷ ಓದಿರುತ್ತಾರೆ. ಸೂಪರ್ ಮಾರ್ಕೆಟ್ಟಿನಲ್ಲಿ ಒಂದು ಪ್ಯಾರಸಿಟಮಾಲ್ ಗುಳಿಗೆಯೂ ಸಿಗುವುದಿಲ್ಲ. 2020ರಿಂದ ಅದು ಫಾರ್ಮಸಿಯಲ್ಲೂ ಕೌಂಟರಿನ ಹಿಂದೆಯೇ ಇರಬೇಕು, ಕೇಳಿಯೇ ಪಡೆಯಬೇಕು. ಶರತ್ಕಾಲದಲ್ಲಿ ಜನ ಕಾಡಿನಿಂದ ಆಯ್ದು ತಂದ ಅಣಬೆಗಳನ್ನು ಬುಟ್ಟಿ ಸಮೇತ ಫಾರ್ಮಸಿಗೆ ಒಯ್ಯುತ್ತಾರೆ. ತಿನ್ನಬಹುದಾದ್ದು ಯಾವುದು, ವಿಷದ್ದು ಯಾವುದು ಅಂತ ಕೇಳುತ್ತಾರೆ. ಅಣಬೆ ಗುರುತಿಸುವುದು ಫಾರ್ಮಸಿಸ್ಟರ ಓದಿನ ಭಾಗವೇ. ನಮ್ಮ ಮಲೆನಾಡಿನ ಮಳೆಗಾಲ ನೆನಪಾಗಿ ನಾನು ಒಮ್ಮೆ ಬರೀ ನೋಡಲಿಕ್ಕಂತ ಅಲ್ಲಿ ನಿಂತಿದ್ದೆ.

ನನಗೆ ಇದು ಯಾಕೆ ಇಷ್ಟು ದೊಡ್ಡ ವಿಷಯ ಅನ್ನುವುದಕ್ಕೆ ಕಾರಣ ಇದೆ. ಡಿಗ್ರಿ ಓದಲು ಬೆಂಗಳೂರಿಗೆ ಬಂದ ಹೊಸದರಲ್ಲಿ ಕೆನ್ನೆಯ ಮೇಲೆ ಕಪ್ಪು ಕಲೆ ಎದ್ದಿತ್ತು. ಹಾಸ್ಟೆಲ್ ಹತ್ತಿರದ ಮೆಡಿಕಲ್ ಶಾಪಿನಲ್ಲಿ "ಕಲೆ ಹೋಗೋ ಕ್ರೀಮ್ ಇದ್ರೆ ಕೊಡಿ" ಅಂದೆ. ಒಂದು ಸಣ್ಣ ಟ್ಯೂಬ್ ಕೊಟ್ಟರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎರಡೇ ವಾರಕ್ಕೆ ಮುಖ ತಿಳಿಯಾಯಿತು. ಖುಷಿಯಾಗಿ ಏಳೆಂಟು ತಿಂಗಳು ಹಚ್ಚಿದೆ. ಬಿಟ್ಟ ಮೂರನೇ ದಿನಕ್ಕೆ ಮುಖವೆಲ್ಲ ಕೆಂಪಾಯಿತು. ಉರಿ, ಮೊಡವೆ, ಬಿಸಿಲಿಗೆ ಹೋಗಲಾಗದು. ಕೆನ್ನೆಯ ಮೇಲೆ ಸಣ್ಣ ಸಣ್ಣ ರಕ್ತನಾಳ ಕಾಣುತ್ತಿದ್ದವು. ಚರ್ಮದ ಡಾಕ್ಟರು ಟ್ಯೂಬ್ ನೋಡಿ, ಅದರಲ್ಲಿ ಸ್ಟೆರಾಯ್ಡ್ ಇದೆ ಅಂದರು. ಸರಿಹೋಗಲು ಒಂದೂವರೆ ವರ್ಷ ಬೇಕಾಯಿತು. ಆ ಹದಿನೆಂಟು ತಿಂಗಳ ಒಂದು ಫೋಟೋ ಕೂಡ ನನ್ನ ಹತ್ತಿರ ಇಲ್ಲ.

ಹಚ್ಚುವ ಕ್ರೀಮುಗಳಲ್ಲಿನ ಹಲವು ಸ್ಟೆರಾಯ್ಡ್‌ಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ಷೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೆ ಚೀಟಿ ಕೇಳುವವರು ಬೇಕಲ್ಲ. ಕಳೆದ ಸಲ ಊರಿಗೆ ಹೋದಾಗ ಅತ್ತಿಗೆಯ ಮಗಳ ಬ್ಯಾಗಿನಲ್ಲಿ ಅದೇ ಜಾತಿಯ ಟ್ಯೂಬ್ ನೋಡಿದೆ. ಎದೆ ಧಸಕ್ಕೆಂದಿತು.

ಇಲ್ಲಿ ನನ್ನ ಕೈಗೆ ಇಸುಬು ಬಂದಾಗ ಡಾಕ್ಟರು ಸ್ಟೆರಾಯ್ಡ್ ಕ್ರೀಮ್ ಬರೆದಿದ್ದರು. ಮದ್ದು ಕೆಟ್ಟದ್ದಲ್ಲ, ಅದು ಬೇಕಾದ ಕಡೆ ಬೇಕು. ಫಾರ್ಮಸಿಯಾಕೆ ಚೀಟಿ ನೋಡಿ, ತನ್ನ ತೋರುಬೆರಳನ್ನು ಚಾಚಿದರು. ತುದಿಯಿಂದ ಮೊದಲ ಗೆರೆಯವರೆಗೆ ಒಂದು ಎಳೆ ಹಿಂಡಬೇಕು, ಅದು ಹೆಚ್ಚುಕಡಿಮೆ ಅರ್ಧ ಗ್ರಾಂ. ಅಷ್ಟು, ಬೆರಳೂ ಸೇರಿ ಎರಡು ಅಂಗೈಯಗಲದ ಚರ್ಮಕ್ಕೆ ಸಾಕು. ಇಷ್ಟು ದಿನ, ಆಮೇಲೆ ನಿಲ್ಲಿಸು, ಮುಖಕ್ಕೆ ಬೇಡ. ಹೇಳಲು ಎರಡು ನಿಮಿಷವೂ ಆಗಲಿಲ್ಲ. ಬೆಂಗಳೂರಿನ ಆ ಕೌಂಟರಿನಲ್ಲಿ ಈ ಎರಡು ನಿಮಿಷ ನನಗೆ ಸಿಕ್ಕಿದ್ದರೆ!

ಹಾಗಂತ ಇಲ್ಲಿ ಮಾರುವುದೆಲ್ಲ ಒಳ್ಳೆಯದು ಅನ್ನುವುದಿಲ್ಲ. ಭಾರವಾದ ಕಾಲು ಹಗುರಾಗಲು ಜೆಲ್, ಸೊಂಟ ಕರಗಲು ಕ್ರೀಮ್, ಇವೆಲ್ಲ ಫಾರ್ಮಸಿಯ ಹಸಿರು ಕ್ರಾಸಿನ ಬೋರ್ಡಿನ ಕೆಳಗೇ ಮಾರಾಟವಾಗುತ್ತವೆ. ನಾನು ಕೊಂಡಿಲ್ಲ, ಕೊಳ್ಳಿ ಅಂತ ಯಾರಿಗೂ ಹೇಳುವುದಿಲ್ಲ. ಬುಗ್ಗೆಯ ನೀರಿನ ಸ್ಪ್ರೇಯನ್ನು ಬೆಂಗಳೂರಿಗೆ ಹೊರುವುದೂ ದಂಡ ಅನಿಸುತ್ತದೆ. ಆವೆನ್ ಎಂಬ ಹಳ್ಳಿಯಲ್ಲಿ ಇಸುಬು, ಸೋರಿಯಾಸಿಸ್ ಇರುವವರು ಮೂರು ವಾರ ಇದ್ದು ಸ್ನಾನದ ಚಿಕಿತ್ಸೆ ಪಡೆಯುತ್ತಾರೆ. ಚೀಟಿ ಇದ್ದರೆ ಸರ್ಕಾರದ ವಿಮೆ ಖರ್ಚಿನ ಒಂದು ಪಾಲು ಕೊಡುತ್ತದೆ. ಅದು ಬೇರೆ ವಿಷಯ. ಡಬ್ಬದಲ್ಲಿ ತುಂಬಿದ ನೀರು ಬೇಸಿಗೆಯಲ್ಲಿ ಮುಖಕ್ಕೆ ತಂಪು, ಅಷ್ಟೇ. ಮುಖ, ಮೈ, ಕೂದಲು ಮೂರಕ್ಕೂ ಒಂದೇ ಅನ್ನುವ ಒಣ ಎಣ್ಣೆ ಘಮಘಮ ಅನ್ನುತ್ತದೆ ನಿಜ. ಕೂದಲಿಗೆ, ಮೈಗೆ ನಮ್ಮ ಗಾಣದ ಕೊಬ್ಬರಿ ಎಣ್ಣೆಯೇ ಸಾಕು. ಮೊಡವೆ ಬರುವ ಮುಖಕ್ಕೆ ಎರಡೂ ಬೇಡ.

ಅಮ್ಮನ ವಿಷಯಕ್ಕೆ ಬರುತ್ತೇನೆ. ಲಿನಿಮಾಂ ನೋಡಿದ ಮೇಲೆ ಅವಳಿಗೆ ಇಲ್ಲಿನ ಫಾರ್ಮಸಿಯ ಮೇಲೆ ಪ್ರೀತಿ ಬಂದಿತ್ತು. ಒಂದು ದಿನ ಸೂಟ್‌ಕೇಸಿನಿಂದ ಬಜೆ ತೆಗೆದಳು. ತೇಯುವ ಕಲ್ಲನ್ನೂ ತಂದಿದ್ದಳು. ನನಗೂ ನನ್ನ ತಮ್ಮನಿಗೂ ತೇಯ್ದು ನೆಕ್ಕಿಸಿದ ಬಜೆ, ಮೊಮ್ಮಗಳಿಗೂ ಕೊಡಬೇಕು ಅಂತ ಆಸೆ. ನನಗೆ ಬೇಡ ಅನ್ನಲು ಬಾಯಿ ಬರಲಿಲ್ಲ. "ಕೇಳಿಕೊಂಡು ಬರೋಣ ಅಮ್ಮಾ" ಅಂದೆ.

ಫಾರ್ಮಸಿಯಾಕೆ ನಗಲಿಲ್ಲ. ಬಜೆಯ ತುಂಡನ್ನು ತಿರುಗಿಸಿ ನೋಡಿ, ಮೂಸಿ, ಸಸ್ಯದ ಹೆಸರು ಕೇಳಿ ಕಂಪ್ಯೂಟರಿನಲ್ಲಿ ಹುಡುಕಿದರು. ನಮ್ಮ ಕಡೆಯ ಬಜೆಯಲ್ಲಿ ಬೀಟಾ-ಅಸರೋನ್ ಎಂಬ ಅಂಶ ಜಾಸ್ತಿ ಇರುತ್ತದೆ. ಇಲಿಗಳ ಮೇಲಿನ ಪರೀಕ್ಷೆಯಲ್ಲಿ ಅದರಿಂದ ಗೆಡ್ಡೆಗಳಾದವು. ಅಮೆರಿಕದಲ್ಲಿ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿದರು. ಎಳೆ ಮಗುವಿನ ಬಾಯಿಗೆ ಖಂಡಿತ ಬೇಡ ಅಂದರು. ನಾನು ಕನ್ನಡಕ್ಕೆ ತಿರುಗಿಸಿ ಹೇಳುತ್ತಾ ಹೋದೆ. ಅಮ್ಮ ಬಜೆಯನ್ನು ಕರವಸ್ತ್ರದಲ್ಲಿ ಸುತ್ತಿ ಒಳಗಿಟ್ಟುಕೊಂಡಳು. ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ, "ನಿಮಗಿಬ್ಬರಿಗೂ ಕೊಟ್ಟಿದ್ದೆನಲ್ಲ" ಅಂದಳು. ಅವಳ ಕೈ ಹಿಡಿದುಕೊಂಡೆ. ಅವಳಿಗೆ ಹೇಳುವವರು ಯಾರಿದ್ದರು?

ಒಂದು ಕಾಲದಲ್ಲಿ ಇದ್ದರು ಅಂತಲೂ ಅನಿಸುತ್ತದೆ. ನಮ್ಮ ಪೇಟೆಯಲ್ಲೊಂದು ಗ್ರಂಥಿಗೆ ಅಂಗಡಿ ಇತ್ತು. ಅಳಲೆಕಾಯಿ, ಜೇಷ್ಠಮಧು, ಹಿಪ್ಪಲಿ, ಕಸ್ತೂರಿ ಅರಿಶಿನ, ಎಲ್ಲ ಸಣ್ಣ ಸಣ್ಣ ಡ್ರಾಯರುಗಳಲ್ಲಿ. ಅಂಗಡಿಯ ಅಜ್ಜ ಯಾರಿಗೆ, ಎಷ್ಟು ವಯಸ್ಸು ಅಂತ ಕೇಳದೆ ಪೊಟ್ಟಣ ಕಟ್ಟುತ್ತಿರಲಿಲ್ಲ. ತಕ್ಕಡಿಯಲ್ಲಿ ತೂಗಿ ಕೊಡುತ್ತಿದ್ದ. ಅವನಿಗೆ ಗೊತ್ತಿದ್ದದ್ದೆಲ್ಲ ಸರಿ ಇರಲಿಕ್ಕಿಲ್ಲ. ಆದರೆ ಆ ಕೇಳುವ ಅಭ್ಯಾಸ ಇತ್ತಲ್ಲ, ಅದರ ಜೊತೆಗೆ ಆರು ವರ್ಷದ ಓದು ಸೇರಿದ್ದರೆ ನಮ್ಮ ಮೆಡಿಕಲ್ ಶಾಪುಗಳು ಹೇಗಿರುತ್ತಿದ್ದವು! ನಾವು ಅಜ್ಜನ ತಕ್ಕಡಿಯನ್ನೂ ಬಿಟ್ಟೆವು, ಫಾರ್ಮಸಿ ಓದಿದವರಿಗೆ ಕೌಂಟರಿನಲ್ಲಿ ಮಾತಾಡುವ ಜಾಗವನ್ನೂ ಕೊಡಲಿಲ್ಲ. ಅವರ ಸರ್ಟಿಫಿಕೇಟ್ ಗೋಡೆಯ ಮೇಲೆ ತೂಗುತ್ತಿರುತ್ತದೆ, ಮದ್ದು ಕೊಡುವವನು ಇನ್ಯಾರೋ.

ಅಮ್ಮ ಊರಿಗೆ ಹೊರಡುವ ವಾರ ಮತ್ತೊಮ್ಮೆ ಫಾರ್ಮಸಿಗೆ ಹೋದೆವು. ಬಿರಿದ ಕೈಗೆ, ತುಟಿಗೆ, ಮಗುವಿನ ತೊಡೆಸಂದಿಗೆ, ಮೂರಕ್ಕೂ ಆಗುವ ಒಂದೇ ಮುಲಾಮು ಬೇಕಿತ್ತು. ಫಾರ್ಮಸಿಯಾಕೆ ಲಾ ರೋಶ್ ಪೊಸೆ ಕಂಪನಿಯ ಸಿಕಾಪ್ಲಾಸ್ಟ್ ಟ್ಯೂಬ್ ಮುಂದಿಟ್ಟರು. ಶೇ. 5ರಷ್ಟು ಪ್ಯಾಂಥೆನಾಲ್, ಶಿಯಾ ಬೆಣ್ಣೆ, ಮ್ಯಾಡಿಕ್ಯಾಸೊಸೈಡ್. ಕೊನೆಯದು ಏನು ಅಂತ ಕೇಳಿದೆ. ಒಂದು ಸೊಪ್ಪಿನಿಂದ ತೆಗೆದದ್ದು, ಗಾಯ ಮಾಯಲು ಒಳ್ಳೆಯದು, ಮಡಗಾಸ್ಕರ್‌ನಲ್ಲಿ ಬೆಳೆಯುತ್ತದೆ ಅಂದರು. ಕಂಪ್ಯೂಟರ್ ತಿರುಗಿಸಿ ಚಿತ್ರ ತೋರಿಸಿದರು.

"ಅಯ್ಯೋ, ಒಂದೆಲಗ!" ಅಮ್ಮನ ದನಿಗೆ ಸಾಲಿನಲ್ಲಿದ್ದವರೆಲ್ಲ ತಿರುಗಿದರು.

ನಮ್ಮ ತೋಟದ ಕಾಲುವೆ ಬದಿಯಲ್ಲಿ ಹಾಸಿಕೊಂಡಿರುವ ಒಂದೆಲಗ. ಅದನ್ನು ನಾವು ತಿನ್ನುತ್ತೇವೆ ಅಂದೆ. ಫಾರ್ಮಸಿಯಾಕೆಗೆ ಆಶ್ಚರ್ಯ. ಹೇಗೆ ತಿನ್ನುತ್ತೀರಿ ಅಂತ ಬಿಲ್ಲಿನ ಹಿಂಬದಿಯಲ್ಲಿ ಬರೆಯಲು ಪೆನ್ನು ತೆಗೆದರು. ಅಮ್ಮ ಹೇಳುತ್ತಾ ಹೋದಳು, ನಾನು ಫ್ರೆಂಚಿನಲ್ಲಿ ಹೇಳುತ್ತಾ ಹೋದೆ. ತುಪ್ಪದಲ್ಲಿ ಜೀರಿಗೆ, ಕಾಳುಮೆಣಸು ಹುರಿದು, ಸೊಪ್ಪು ಬಾಡಿಸಿ, ತೆಂಗಿನತುರಿ ಹಾಕಿ ರುಬ್ಬಿ, ಮಜ್ಜಿಗೆಗೆ ಬೆರೆಸುವುದು.

"ಸೊಪ್ಪು ಎಷ್ಟು ಗ್ರಾಂ?" ಅಂತ ಕೇಳಿದರು.

ಅಮ್ಮ ಮುಷ್ಟಿ ಹಿಡಿದು ಕೌಂಟರಿನ ಮೇಲಿಟ್ಟು ತೋರಿಸಿದಳು. ಅವರು ಅದನ್ನು ಗಮನವಿಟ್ಟು ನೋಡಿ, ತಾವೂ ಒಮ್ಮೆ ಮುಷ್ಟಿ ಹಿಡಿದು, ಬರೆದುಕೊಂಡರು.

"ಮಜ್ಜಿಗೆ ಹಾಕಿದ ಮೇಲೆ ಕುದಿಸಬಾರದು, ಅದನ್ನ ಸರಿಯಾಗಿ ಹೇಳು ಪುಟ್ಟಿ" ಅಂದಳು ಅಮ್ಮ. ಹೇಳಿದೆ. ಫಾರ್ಮಸಿಯಾಕೆ ಆ ಸಾಲಿನ ಕೆಳಗೆ ಎರಡು ಗೆರೆ ಎಳೆದರು.